ಬ್ರಿಡ್ಜ್ ಸರಿ ಅದ, ಪ್ಯಾಕೆಟ್ ಯಾಕ ದಾಟವಲ್ದು?

ಕಲಬುರಗಿ, ಬೀದರ್ ಕಡೆಯ ಕಾಲೇಜು ಲ್ಯಾಬ್‌ಗಳಲ್ಲಿ ಲಿನಕ್ಸ್ ಸರ್ವರ್ ನೋಡಿಕೊಳ್ಳುವವರ ನಡುವೆ ಈ ಪ್ರಶ್ನೆ ಹಳೆಯದು. ವಿಎಂ (ಸರ್ವರ್ ಒಳಗೆ ಸಾಫ್ಟ್‌ವೇರ್‌ನಲ್ಲೇ ಓಡುವ ಕಂಪ್ಯೂಟರ್) ಎದ್ದಿದೆ, ಅದನ್ನು ಲ್ಯಾಬ್ ನೆಟ್‌ವರ್ಕ್‌ಗೆ ಜೋಡಿಸುವ ಬ್ರಿಡ್ಜ್ ಸರಿಯಿದೆ, ಐಪಿ ವಿಳಾಸ ಕೈಯಿಂದಲೇ ಕೊಟ್ಟಾಗಿದೆ, ಹೋಸ್ಟ್‌ನಿಂದ, ಅಂದರೆ ವಿಎಂ ಇಟ್ಟುಕೊಂಡ ಸರ್ವರ್‌ನಿಂದ, ಪಿಂಗ್ ಹೋಗುತ್ತದೆ. ಪಕ್ಕದ ಸಿಸ್ಟಂನಿಂದ ಮಾತ್ರ ಹೋಗುವುದಿಲ್ಲ. ಎಆರ್‌ಪಿಗೆ (‘ಈ ಐಪಿ ಯಾರದು?’ ಎಂಬ ಪ್ರಶ್ನೆಗೆ) ಉತ್ತರ ಬರುತ್ತದೆ, ಪಿಂಗ್‌ಗೆ ಬರುವುದಿಲ್ಲ. ‘ನಿನ್ನೆ ತನಕ ಚಲೋ ಇತ್ರಿ, ಕರೆಂಟ್ ಹೋಗಿ ಬಂದ ಮ್ಯಾಲೆ ಹಿಂಗ ಆಗ್ಯಾದ’ ಎಂಬ ಮಾತೂ ಜೊತೆಗಿರುತ್ತದೆ. ಆ ಮಾತನ್ನು ತಳ್ಳಿಹಾಕಬಾರದು. ಅದಕ್ಕೊಂದು ನಿಜವಾದ ಕಾರಣವಿದೆ, ಮುಂದೆ ಬರುತ್ತದೆ.

ಇದರಲ್ಲಿ ಲ್ಯಾಬ್ ನೋಡಿಕೊಳ್ಳುವವರ ತಪ್ಪು ಕಡಿಮೆ. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಜನ, ಅವರವರ ಅಗತ್ಯಕ್ಕೆ ಸರಿಯಾಗಿಯೇ ತೆಗೆದುಕೊಂಡ ತೀರ್ಮಾನಗಳು ಲಿನಕ್ಸ್‌ನ ತಿರುಳಾದ ಒಂದೇ ಕರ್ನಲ್‌ನಲ್ಲಿ ಒಂದರ ಮೇಲೊಂದು ಕೂತಿವೆ.

ಲಿನಕ್ಸ್‌ನ ಮೊದಲ ಫೈರ್‌ವಾಲ್ 1994ರಲ್ಲಿ ಬಿಎಸ್‌ಡಿ ಎಂಬ ಯುನಿಕ್ಸ್ ಬಗೆಯಿಂದ ಬಂತು. ಆ ಕೋಡನ್ನು ಲಿನಕ್ಸ್‌ಗೆ ಹೊಂದಿಸಿದವರು ಅಲನ್ ಕಾಕ್ಸ್. ಆಮೇಲೆ ಐಪಿಎಫ್‌ಡಬ್ಲ್ಯೂಅಡ್ಮ್, 1999ರಲ್ಲಿ ಐಪಿಚೈನ್ಸ್, 2001ರಲ್ಲಿ 2.4 ಕರ್ನಲ್ ಜೊತೆ ನೆಟ್‌ಫಿಲ್ಟರ್ ಮತ್ತು ಐಪಿಟೇಬಲ್ಸ್. ರಸ್ಟಿ ರಸೆಲ್ ಮುಂದಾಳತ್ವದ ಈ ಕೊನೆಯ ಬದಲಾವಣೆ ಒಂದು ಒಳ್ಳೆಯ ಶಿಸ್ತು ತಂದಿತು: ಹೋಸ್ಟ್‌ಗೇ ಬಂದ ಪ್ಯಾಕೆಟ್ ಇನ್‌ಪುಟ್ ಚೈನ್‌ಗೆ (ಚೈನ್ ಅಂದರೆ ರೂಲ್‌ಗಳ ಸಾಲು), ದಾಟಿಹೋಗುವ ಪ್ಯಾಕೆಟ್ ಫಾರ್ವರ್ಡ್ ಚೈನ್‌ಗೆ.

ಬ್ರಿಡ್ಜ್‌ಗೂ ಇದಕ್ಕೂ ಸಂಬಂಧ ಇರಬೇಕಿರಲಿಲ್ಲ. ಬ್ರಿಡ್ಜ್ ನೆಟ್‌ವರ್ಕ್ ಕಾರ್ಡ್‌ನ ಮ್ಯಾಕ್ ವಿಳಾಸ ನೋಡಿ ಫ್ರೇಮ್ ದಾಟಿಸುತ್ತದೆ. ಐಪಿ ಅದರ ವ್ಯವಹಾರವಲ್ಲ. ಆದರೆ ಕಂಪನಿಗಳಿಗೆ, ಕ್ಯಾಂಪಸ್‌ಗಳಿಗೆ ಒಂದು ಬೇಡಿಕೆಯಿತ್ತು: ಇರುವ ನೆಟ್‌ವರ್ಕ್‌ನ ಒಂದೂ ಐಪಿ ವಿಳಾಸ ಬದಲಿಸದೆ, ರೌಟರ್‌ಗೂ ಸ್ವಿಚ್‌ಗೂ ನಡುವೆ ಕಣ್ಣಿಗೆ ಬೀಳದ ಫೈರ್‌ವಾಲ್ ಇಡಬೇಕು. ಅದಕ್ಕಾಗಿ ಬ್ರಿಡ್ಜ್ ದಾಟುವ ಐಪಿ ಪ್ಯಾಕೆಟ್‌ಗಳನ್ನೂ ಐಪಿಟೇಬಲ್ಸ್‌ಗೆ ತೋರಿಸುವ ಏರ್ಪಾಡು 2003ರ ಡಿಸೆಂಬರ್‌ನ 2.6 ಕರ್ನಲ್‌ಗೆ ಸೇರಿತು. ಈ ಏರ್ಪಾಡನ್ನು ಆನ್-ಆಫ್ ಮಾಡುವ ಕರ್ನಲ್ ಸೆಟ್ಟಿಂಗ್ ಎಂಬ ಸ್ವಿಚ್‌ನ ಹೆಸರು ಬ್ರಿಡ್ಜ್-ಎನ್‌ಎಫ್-ಕಾಲ್-ಐಪಿಟೇಬಲ್ಸ್, ಅದರ ಡೀಫಾಲ್ಟ್ ಬೆಲೆ 1. ಎಆರ್‌ಪಿ ಐಪಿಟೇಬಲ್ಸ್ ಕಡೆ ಹೋಗುವುದೇ ಇಲ್ಲ. ಎಆರ್‌ಪಿ ದಾಟಿ ಪಿಂಗ್ ನಿಲ್ಲುವುದಕ್ಕೆ ಇದೇ ಕಾರಣ. ನನ್ನ ಮಟ್ಟಿಗೆ, ತೊಂದರೆ ಎಲ್ಲಿದೆ ಎಂದು ಹಿಡಿಯಲು ಇದಕ್ಕಿಂತ ಒಳ್ಳೆಯ ಸುಳಿವಿಲ್ಲ.

ಆಗ ವಿಎಂಗಳ ಯೋಚನೆ ಯಾರಿಗೂ ಅಷ್ಟಾಗಿ ಇರಲಿಲ್ಲ. ವಿಎಂ ಓಡಿಸುವ ಕೆವಿಎಂ ಕರ್ನಲ್‌ಗೆ ಸೇರಿದ್ದು 2007ರ ಫೆಬ್ರವರಿಯಲ್ಲಿ, 2.6.20 ಜೊತೆ. ವಿಎಂಗಳನ್ನು ನಿರ್ವಹಿಸುವ ಲಿಬ್‌ವರ್ಟ್ ತನ್ನ 192.168.122 ಸರಣಿಯ ನ್ಯಾಟ್ ನೆಟ್‌ವರ್ಕ್ (ವಿಎಂಗಳು ಹೋಸ್ಟ್‌ನ ವಿಳಾಸದ ಹಿಂದೆ ಅಡಗಿರುವ ಬಗೆ) ಸಿದ್ಧವಾಗಿಯೇ ಕೊಡುತ್ತಿತ್ತು. ಹೊರಗಿನವರು ವಿಎಂ ತಲುಪಬೇಕೆಂದರೆ ಸ್ವಂತ ಬ್ರಿಡ್ಜ್ ಕಟ್ಟಬೇಕಿತ್ತು. (ಹಾಸ್ಟೆಲ್‌ನಲ್ಲಿ ವೈಫೈ ಮೇಲೆ ಬ್ರಿಡ್ಜ್ ಕಟ್ಟಲು ಒದ್ದಾಡುವ ಹುಡುಗರು ಬೇಸರಪಡಬೇಕಿಲ್ಲ: ತನ್ನಲ್ಲಿ ನೋಂದಾಯಿಸಿಕೊಳ್ಳದ ಮ್ಯಾಕ್ ವಿಳಾಸದ ಫ್ರೇಮನ್ನು ಆಕ್ಸೆಸ್ ಪಾಯಿಂಟ್ ಸಾಮಾನ್ಯವಾಗಿ ಒಪ್ಪುವುದೇ ಇಲ್ಲ.) ಬ್ರಿಡ್ಜ್ ಕಟ್ಟಿದವರೆಲ್ಲ ಆ ಸ್ವಿಚ್‌ಗೆ 0 ಹಾಕುವುದನ್ನು ಕಲಿತರು. 2014ರ ಡಿಸೆಂಬರ್‌ನ 3.18 ಕರ್ನಲ್ ಆ ಭಾಗವನ್ನು ಬಿಆರ್-ನೆಟ್‌ಫಿಲ್ಟರ್ ಎಂಬ ಬೇರೆ ಮಾಡ್ಯೂಲ್ ಮಾಡಿತು. ಬೇಕಾದವರು ಮಾತ್ರ ಲೋಡ್ ಮಾಡಲಿ ಎಂಬುದು ಉದ್ದೇಶ.

ಬೇಕಾದವರು ಬಂದೇಬಿಟ್ಟರು. ಕಂಟೇನರ್‌ಗಳನ್ನು (ಪ್ರತ್ಯೇಕವಾಗಿ ಓಡುವ ಅಪ್ಲಿಕೇಶನ್ ಪೊಟ್ಟಣಗಳನ್ನು) ಓಡಿಸುವ ಡಾಕರ್ ಆ ಮಾಡ್ಯೂಲ್ ಲೋಡ್ ಮಾಡುತ್ತಿತ್ತು. ಅನೇಕ ಸರ್ವರ್‌ಗಳ ಕಂಟೇನರ್ ನಿರ್ವಹಿಸುವ ಕುಬರ್ನೆಟೀಸ್‌ನ ಅನುಸ್ಥಾಪನೆಯ ಸೂಚನೆಗಳು ಆ ಸ್ವಿಚ್ 1 ಇರಲೇಬೇಕು ಎಂದವು. 2017ರ ಜನವರಿಯ ಡಾಕರ್ 1.13 ಇನ್ನೊಂದು ಹೆಜ್ಜೆ ಹೋಗಿ ಫಾರ್ವರ್ಡ್ ಚೈನ್‌ನ ಪಾಲಿಸಿಯನ್ನೇ ‘ಡ್ರಾಪ್’ಗೆ ಬದಲಿಸಿತು, ಅಂದರೆ ಯಾವ ರೂಲ್‌ಗೂ ಸಿಗದ ಪ್ಯಾಕೆಟ್ ಅಲ್ಲೇ ಬಿದ್ದುಹೋಗುತ್ತದೆ. ಕಂಟೇನರ್‌ಗಳ ಸುರಕ್ಷತೆಗೆ ಅದು ನ್ಯಾಯವೇ. ಆದರೆ ಒಂದು ಷರತ್ತಿತ್ತು: ಐಪಿ ಫಾರ್ವರ್ಡಿಂಗ್ (ಪ್ಯಾಕೆಟ್ ಒಂದು ನೆಟ್‌ವರ್ಕ್‌ನಿಂದ ಇನ್ನೊಂದಕ್ಕೆ ದಾಟಿಸುವುದು) ಅನ್ನು ಡಾಕರ್ ತಾನೇ ಆನ್ ಮಾಡಿದರೆ ಮಾತ್ರ ಡ್ರಾಪ್, ಮೊದಲೇ ಆನ್ ಇದ್ದರೆ ಪಾಲಿಸಿಯನ್ನು ಮುಟ್ಟುತ್ತಿರಲಿಲ್ಲ. ಲಿಬ್‌ವರ್ಟ್‌ನ ನ್ಯಾಟ್ ನೆಟ್‌ವರ್ಕ್ ಕೂಡ ಫಾರ್ವರ್ಡಿಂಗ್ ಆನ್ ಮಾಡುತ್ತದೆ. ಅಂದರೆ ಸರ್ವರ್ ಏಳುವಾಗ ಯಾರು ಮೊದಲು ಎದ್ದರು ಎಂಬುದರ ಮೇಲೆ ವಿಎಂ ಭವಿಷ್ಯ ನಿಂತಿತು. ಬೇಸಿಗೆಯಲ್ಲಿ ಕರೆಂಟ್ ಹೋಗಿ, ಯುಪಿಎಸ್ ಬರಿದಾಗಿ, ಸರ್ವರ್ ಮತ್ತೆ ಎದ್ದಾಗ ಆ ಸರದಿ ಬದಲಾದರೆ, ಒಂದೂ ಫೈಲ್ ಮುಟ್ಟದೆ ನೆಟ್‌ವರ್ಕ್ ನಿಲ್ಲುತ್ತದೆ. ಅದೇ ವರ್ಷ 17.06 ಆವೃತ್ತಿಯಲ್ಲಿ ಬಂದ ಡಾಕರ್-ಯೂಸರ್ ಚೈನ್‌ನಲ್ಲಿ ನಮ್ಮ ಬ್ರಿಡ್ಜ್‌ಗೆ ಒಪ್ಪಿಗೆಯ ರೂಲ್ ಬರೆದರೆ ಇದು ನೀಗುತ್ತದೆ.

ಈಗಿನ ಪದರ ಐಪಿಟೇಬಲ್ಸ್‌ನ ಜಾಗಕ್ಕೆ ಬಂದ ಎನ್‌ಎಫ್‌ಟೇಬಲ್ಸ್. ಕರ್ನಲ್‌ಗೆ ಬಂದಿದ್ದು 2014ರ ಜನವರಿಯಲ್ಲಿ, 3.13 ಜೊತೆ, 2019ರಲ್ಲಿ ರೆಡ್ ಹ್ಯಾಟ್ 8, ಡೆಬಿಯನ್ 10 ಎರಡೂ ಇದರತ್ತ ಹೊರಳಿದವು. ಇಲ್ಲಿ ಯಾರು ಬೇಕಾದರೂ ತಮ್ಮದೇ ಟೇಬಲ್ (ಚೈನ್‌ಗಳ ಗುಂಪು) ಇಟ್ಟುಕೊಳ್ಳಬಹುದು. 2024ರ ಲಿಬ್‌ವರ್ಟ್ 10.4 ತನ್ನ ರೂಲ್‌ಗಳನ್ನು ಹೀಗೆಯೇ ಪ್ರತ್ಯೇಕ ಟೇಬಲ್‌ಗೆ ಸಾಗಿಸಿತು. ಐಪಿಟೇಬಲ್ಸ್‌ನಿಂದ ಬಂದವರು ಎಡವುವುದು ಇಲ್ಲೇ. ಬೀದರ್ ಕೋಟೆಯಲ್ಲಿ ಶರ್ಜಾ ದರ್ವಾಜ ದಾಟಿದವರಿಗೆ ಮುಂದೆ ಗುಂಬಜ್ ದರ್ವಾಜವೂ ಇದೆ. ಹಾಗೆಯೇ ಒಂದು ಟೇಬಲ್‌ನ ಅಕ್ಸೆಪ್ಟ್ ಆ ಟೇಬಲ್‌ಗಷ್ಟೇ ಮುಗಿಯುತ್ತದೆ, ಮುಂದಿನ ಚೈನ್ ಮತ್ತೆ ಕೇಳುತ್ತದೆ. ಡ್ರಾಪ್ ಮಾತ್ರ ಎಲ್ಲಿ ಬಿದ್ದರೂ ಕೊನೆ. ಲಿಬ್‌ವರ್ಟ್ ಬಿಟ್ಟ ಪ್ಯಾಕೆಟ್ ಡಾಕರ್‌ನ ಪಾಲಿಸಿಗೆ ಬಲಿಯಾಗುವುದು ಹೀಗೆ. ಆದ್ದರಿಂದ ಎನ್‌ಎಫ್‌ಟಿ ಆಜ್ಞೆಯಿಂದ ಇಡೀ ರೂಲ್‌ಸೆಟ್ ಒಮ್ಮೆಗೇ ತೆಗೆದು ಓದಬೇಕು. ತಾನು ಬರೆದಷ್ಟನ್ನೇ ಓದಿದರೆ ಏನೂ ತಿಳಿಯುವುದಿಲ್ಲ.

ನನ್ನ ಅಭಿಪ್ರಾಯದಲ್ಲಿ ಬರೀ ವಿಎಂಗಳಿರುವ ಹೋಸ್ಟ್‌ನಲ್ಲಿ ಬಿಆರ್-ನೆಟ್‌ಫಿಲ್ಟರ್ ಇರಲೇಬಾರದು. ವಿಎಂಗಳ ನಡುವೆ ಸೋಸಬೇಕಿದ್ದರೆ ಎನ್‌ಎಫ್‌ಟೇಬಲ್ಸ್‌ನ ಬ್ರಿಡ್ಜ್ ಫ್ಯಾಮಿಲಿಯಲ್ಲೇ ರೂಲ್ ಬರೆಯಿರಿ, 2019ರ 5.3 ಕರ್ನಲ್‌ನಿಂದ ಅಲ್ಲಿ ಕನೆಕ್ಷನ್ ಟ್ರ್ಯಾಕಿಂಗ್ (ಯಾವ ಪ್ಯಾಕೆಟ್ ಯಾವ ಸಂಪರ್ಕದ್ದು ಎಂದು ನೆನಪಿಡುವುದು) ಕೂಡ ಇದೆ. ಡಾಕರ್ ಜೊತೆಗೇ ಬಾಳಬೇಕಾದ ಹೋಸ್ಟ್ ಆದರೆ ಒಂದು ಎಚ್ಚರಿಕೆ: ಕರ್ನಲ್ ಸೆಟ್ಟಿಂಗ್‌ಗಳನ್ನು ಬರೆದಿಡುವ ಸಿಸ್‌ಸಿಟಿಎಲ್ ಫೈಲ್‌ನಲ್ಲಿ ಆ ಸ್ವಿಚ್‌ಗೆ 0 ಬರೆದಿಟ್ಟರೆ ಸಾಲದು. ಬೂಟ್ ಹೊತ್ತಿಗೆ ಆ ಮಾಡ್ಯೂಲ್ ಇನ್ನೂ ಬಂದಿರದಿದ್ದರೆ ಬರೆದ 0 ಎಲ್ಲೂ ಅಂಟುವುದಿಲ್ಲ. ಆಮೇಲೆ ಡಾಕರ್ ಅದನ್ನು ತಂದಾಗ ಬೆಲೆ ಮತ್ತೆ 1. ಮಾಡ್ಯೂಲ್‌ನ ಹೆಸರನ್ನು ಬೂಟ್ ಹೊತ್ತಿಗೆ ಲೋಡ್ ಆಗಬೇಕಾದವನ್ನು ಬರೆದಿಡುವ ಮಾಡ್ಯೂಲ್ಸ್-ಲೋಡ್ ಫೋಲ್ಡರ್‌ಗೂ ಸೇರಿಸಿ, ಅದು ಮೊದಲೇ ಲೋಡ್ ಆಗುವಂತೆ ಮಾಡಿ.