ನಾಯಿಯ ಕರುಳಿನ ಲಾಡಿಹುಳು ಒಂದೇ ಪ್ರಭೇದವೇ, ಹಲವೇ?

ಕುರಿ, ದನ, ಎಮ್ಮೆಗಳ ಯಕೃತ್ತು ಮತ್ತು ಶ್ವಾಸಕೋಶಗಳಲ್ಲಿ ಕಾಣಿಸುವ, ನೀರು ತುಂಬಿದ ಹೈಡಾಟಿಡ್ ಚೀಲಗಳು ಎಕಿನೊಕಾಕಸ್ ಗ್ರ್ಯಾನುಲೋಸಸ್ ಎಂಬ ಲಾಡಿಹುಳುವಿನ ಎಳೆಯ ಹಂತ. ಆ ಚೀಲವನ್ನು ತಿಂದ ನಾಯಿಯ ಸಣ್ಣ ಕರುಳಿನಲ್ಲಿ ಕೆಲವೇ ಮಿಲಿಮೀಟರ್ ಉದ್ದದ ಹುಳುಗಳು ಬಲಿಯುತ್ತವೆ. ಅವುಗಳ ಮೊಟ್ಟೆಗಳು ನಾಯಿಯ ಮಲದಿಂದ ಮೇವು, ನೀರು ಸೇರಿ ಜಾನುವಾರುಗಳಿಗೆ, ಕೆಲವೊಮ್ಮೆ ಮನುಷ್ಯರಿಗೂ ತಲುಪುತ್ತವೆ. ಚೀಲ ತಿಂದ ನಾಯಿಯಲ್ಲಿ ಹುಳು ಬಲಿಯುವುದನ್ನು ಜರ್ಮನಿಯ ಪ್ರಾಣಿಶಾಸ್ತ್ರಜ್ಞ ಸೀಬೋಲ್ಡ್ 1850ರ ದಶಕದಲ್ಲೇ ತೋರಿಸಿಕೊಟ್ಟರು. ಮುಂದಿನ ನೂರು ವರ್ಷ ಕುದುರೆಯದು ಬೇರೆ, ದನದ್ದು ಬೇರೆ ಎಂದು ಪ್ರಭೇದ, ಉಪಪ್ರಭೇದಗಳ ಹೆಸರುಗಳು ಬೆಳೆದವು. 1960ರ ದಶಕದಲ್ಲಿ, ಒಂದೇ ನೆಲದಲ್ಲಿ ಕೂಡಿ ಬದುಕುವ ಹುಳುಗಳನ್ನು ಉಪಪ್ರಭೇದಗಳೆನ್ನಲಾಗದು ಎಂಬ ವಾದ ಗೆದ್ದು, ಅವುಗಳಲ್ಲಿ ಹೆಚ್ಚಿನವು ಮತ್ತೆ ಒಂದೇ ಹೆಸರಿನಡಿ ಸೇರಿದವು.

ಗೊಂದಲ ಬಿಡಿಸಿದ್ದೂ ಹೊಸ ಗೊಂದಲ ತಂದದ್ದೂ 1992ರ ಕೆಲಸ. ಬೌಲ್ಸ್, ಬ್ಲೇರ್ ಮತ್ತು ಮೆಕ್‌ಮಾನಸ್ ಎಂಬ ಸಂಶೋಧಕರು ಹುಳುವಿನ ಮೈಟೊಕಾಂಡ್ರಿಯಾದ (ತನ್ನದೇ ಡಿಎನ್‌ಎ ಇರುವ ಜೀವಕೋಶದ ಭಾಗ) ಒಂದು ಜೀನಿನಿಂದ 366 ಅಕ್ಷರಗಳಷ್ಟು ಡಿಎನ್‌ಎ ತುಣುಕನ್ನು ಓದಿ, ತಳಿಗಳಿಗೆ ಜಿ-1, ಜಿ-2 ಎಂಬಂತೆ ಗುರುತು ಕೊಟ್ಟರು. ಕ್ರಮೇಣ ಈ ಪಟ್ಟಿ ಹತ್ತಕ್ಕೆ ಏರಿತು: ಕುರಿಯದು ಜಿ-1, ಎಮ್ಮೆಯದು ಜಿ-3, ಕುದುರೆಯದು ಜಿ-4, ದನದ್ದು ಜಿ-5, ಒಂಟೆಯದು ಜಿ-6. ಇವುಗಳಲ್ಲಿ ಕುದುರೆ ಮತ್ತು ದನದ ತಳಿಗಳು ಉಳಿದವಕ್ಕಿಂತ ಸಾಕಷ್ಟು ದೂರದವೆಂದು ಖಚಿತವಾಗಿ, ಎಕಿನೊಕಾಕಸ್ ಇಕ್ವಿನಸ್, ಎಕಿನೊಕಾಕಸ್ ಆರ್ಟ್ಲೆಪಿ ಎಂಬ ಹಳೆಯ ಹೆಸರುಗಳು ಪ್ರಭೇದಗಳಾಗಿ ಮರಳಿದವು. ಆದರೆ ಅಷ್ಟು ಚಿಕ್ಕ ತುಣುಕಿನ ಆಧಾರದ ಮೇಲೆ ಎಳೆದ ಗೆರೆಗಳೆಲ್ಲ ನಿಲ್ಲಲಿಲ್ಲ. 11,000ಕ್ಕೂ ಹೆಚ್ಚು ಅಕ್ಷರಗಳ, ಬಹುತೇಕ ಪೂರ್ಣ ಮೈಟೊಕಾಂಡ್ರಿಯಾ ಸರಣಿಯನ್ನು ಹೋಲಿಸಿದಾಗ ಜಿ-2 ಎಂಬುದು ಪ್ರತ್ಯೇಕ ತಳಿಯೇ ಅಲ್ಲವೆಂದು 2017ರಲ್ಲಿ ತಿಳಿಯಿತು. ಜಿ-1 ಮತ್ತು ಜಿ-3 ಒಂದೇ ಪ್ರಭೇದದೊಳಗಿನ ಹತ್ತಿರದ ಬಂಧುಗಳಾಗಿ ಉಳಿದವು.

ಪ್ರಾಣಿಯ ಹೆಸರನ್ನು ಹುಳುವಿಗೆ ಅಂಟಿಸುವ ಪದ್ಧತಿ ಭಾರತದಲ್ಲಿ ಹೆಚ್ಚು ದಾರಿ ತಪ್ಪಿಸುತ್ತದೆ. ‘ಎಮ್ಮೆಯ ತಳಿ’ ಎನ್ನಿಸಿಕೊಂಡ ಜಿ-3 ಇಲ್ಲಿ ದನ, ಕುರಿ, ಮೇಕೆ, ಹಂದಿಗಳಲ್ಲೂ ಸಿಕ್ಕಿದೆ. ಇನ್ನು ಜಿ-5 ನಮ್ಮ ದನ ಎಮ್ಮೆಗಳಲ್ಲೂ ಇದೆ ಎಂಬುದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಕುರಿಯ ತಳಿ ದನದೊಳಗೆ ಸೇರಿದರೆ ಚೀಲ ಸಾಮಾನ್ಯವಾಗಿ ಬಂಜೆಯಾಗಿರುತ್ತದೆ, ಅದನ್ನು ತಿಂದ ನಾಯಿಗೆ ಹುಳು ಹತ್ತುವುದಿಲ್ಲ. ಜಿ-5 ಆದರೋ ದನದ ಶ್ವಾಸಕೋಶದಲ್ಲಿ ಫಲವತ್ತಾದ ಚೀಲ ಕಟ್ಟುತ್ತದೆ. ಅಲ್ಲದೆ ಕುರಿಯ ತಳಿ ನಾಯಿಯಲ್ಲಿ ಮೊಟ್ಟೆ ಬಿಡಲು ಸುಮಾರು ಆರು ವಾರ ತೆಗೆದುಕೊಂಡರೆ, ದನದ ತಳಿಗೆ ಸುಮಾರು ಐದು ವಾರ ಸಾಕು. ಆರು ವಾರಕ್ಕೊಮ್ಮೆ ನಾಯಿಗೆ ಲಾಡಿಹುಳು ಕೊಲ್ಲುವ ಔಷಧ ಪ್ರಾಜಿಕ್ವಾಂಟೆಲ್ ಕೊಡುವ ಲೆಕ್ಕಾಚಾರ ಅಲ್ಲಿ ಒಂದು ವಾರ ತಡವಾಗುತ್ತದೆ.

ಇಷ್ಟಾದರೂ ತಳಿ ಗುರುತಿಸುವ ಕೆಲಸ ಹೆಚ್ಚಾಗಿ ಕಸಾಯಿಖಾನೆಯಲ್ಲಿ ಸಿಕ್ಕ ಚೀಲಗಳ ಮೇಲೆಯೇ ನಡೆಯುತ್ತದೆ. ನಾಯಿಯ ಮಲದಲ್ಲಿರುವ ಮೊಟ್ಟೆಗಳು ಟೀನಿಯಾ ಗುಂಪಿನ ಇತರ ಲಾಡಿಹುಳುಗಳ ಮೊಟ್ಟೆಗಳಂತೆಯೇ ಕಾಣುವುದರಿಂದ ಸೂಕ್ಷ್ಮದರ್ಶಕ ಅಲ್ಲಿ ಸೋಲುತ್ತದೆ, ಡಿಎನ್‌ಎ ಪರೀಕ್ಷೆಯೇ ಬೇಕಾಗುತ್ತದೆ. ಆ ಪರೀಕ್ಷೆ ಕಸಾಯಿಖಾನೆಗಳ ಸುತ್ತ ಮಾಂಸದ ತ್ಯಾಜ್ಯ ತಿಂದು ಬದುಕುವ ನಾಯಿಗಳಿಂದಲೇ ಆರಂಭವಾಗಬೇಕು. ಕುರಿಯ ಚೀಲವೂ ಎಮ್ಮೆಯ ಚೀಲವೂ ಒಂದೇ ಕರುಳನ್ನು ಸೇರುವುದು ಅಲ್ಲಿಯೇ.