ಯಾರು ಯಾವ ಪುಸ್ತಕ ಒಯ್ದರು? ಗ್ರಂಥಾಲಯದ ದಾಖಲೆ, ಪೊಲೀಸರು ಮತ್ತು ಓದುಗರ ಖಾಸಗಿತನ

ಬೆಳಗಾವಿಯಲ್ಲಿ ನನ್ನ ಜೊತೆ ಗ್ರಂಥಾಲಯ ವಿಜ್ಞಾನ ಓದುತ್ತಿರುವ ಗೆಳೆಯರಿಗಾಗಿ ಈ ಟಿಪ್ಪಣಿ. ಓದುಗರ ಖಾಸಗಿತನ ಅನ್ನೋ ವಿಷಯಕ್ಕೆ ಗೈಡ್‌ಗಳಲ್ಲಿ ಸಿಗುವುದು ಅರ್ಧ ಪುಟ. ಅದರಲ್ಲೂ ಅಮೆರಿಕದ ಎರಡು ಬೇರೆ ಬೇರೆ ಅಧಿಕಾರಗಳನ್ನು ಕಲಸಿ ಬರೆದಿರುತ್ತಾರೆ. ಮೊದಲು ಆ ಗಂಟು ಬಿಡಿಸಿ, ಆಮೇಲೆ ನಮ್ಮ ಕೌಂಟರಿಗೆ ಬರೋಣ.

ಓದುಗರ ದಾಖಲೆ ಅಂದರೆ ಇಶ್ಯೂ ರಿಜಿಸ್ಟರ್ ಒಂದೇ ಅಂದುಕೊಳ್ಳಬೇಡಿ. ಬಾಗಿಲಲ್ಲಿ ಸಹಿ ಮಾಡುವ ಪುಸ್ತಕ, ಕಾಯ್ದಿರಿಸಿದ ಪುಸ್ತಕದ ಚೀಟಿ, ಕಂಪ್ಯೂಟರ್ ಬಳಸಿದವರ ಲಾಗ್, ಕ್ಯಾಟಲಾಗ್‌ನಲ್ಲಿ ಹುಡುಕಿದ ಪದಗಳು, ಸಿಸಿಟಿವಿ ದೃಶ್ಯ, ಎಲ್ಲವೂ ಸೇರುತ್ತವೆ.

ಅಮೆರಿಕದ ಕತೆ

ಓದುಗರ ದಾಖಲೆಗೆ ಸರ್ಕಾರ ಕೈ ಹಾಕುವುದು 2001ರ ಭಯೋತ್ಪಾದಕ ದಾಳಿಯ ನಂತರ ಶುರುವಾದದ್ದಲ್ಲ. 1970ರಲ್ಲಿ ಅಲ್ಲಿನ ತೆರಿಗೆ ಇಲಾಖೆಯವರು ಮಿಲ್ವಾಕಿಯ ಗ್ರಂಥಾಲಯಕ್ಕೆ ಹೋಗಿ, ಸ್ಫೋಟಕಗಳ ಪುಸ್ತಕ ಯಾರು ಒಯ್ದಿದ್ದಾರೆ ಎಂದು ಕೇಳಿದ್ದರು. ಮರುವರ್ಷವೇ ಅಮೆರಿಕನ್ ಗ್ರಂಥಾಲಯ ಸಂಘ ಎರವಲು ದಾಖಲೆಗಳ ಗೌಪ್ಯತೆಗೆ ಒಂದು ನೀತಿ ಮಾಡಿತು. 1987ರಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಸೋವಿಯತ್ ಬಣದ ದೇಶಗಳವರು ಏನು ಓದುತ್ತಾರೆ ಎಂದು ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐನ ಏಜೆಂಟರು ಗ್ರಂಥಾಲಯದ ಸಿಬ್ಬಂದಿಯನ್ನೇ ವಿಚಾರಿಸುತ್ತಿದ್ದರು. ಕೊಲಂಬಿಯಾ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೂ ಬಂದಿದ್ದರು. ಇದಕ್ಕೆ 'ಲೈಬ್ರರಿ ಅವೇರ್‌ನೆಸ್ ಪ್ರೋಗ್ರಾಂ' ಎಂಬ ಹೆಸರು ಬೇರೆ. ಹೆಸರು ಕೇಳಿದರೆ ನಮ್ಮ ಗ್ರಂಥಾಲಯ ಸಪ್ತಾಹದ ಕಾರ್ಯಕ್ರಮ ಅನ್ನಿಸುತ್ತದೆ, ಅಲ್ವಾ?

ಈಗ ಮುಖ್ಯ ಭಾಗ. ಭಯೋತ್ಪಾದನೆ ತಡೆಗೆಂದು 2001ರ ಅಕ್ಟೋಬರ್ 26ರಂದು ಸಹಿಯಾದ ಪೇಟ್ರಿಯಟ್ ಕಾಯ್ದೆಯ 215ನೇ ಸೆಕ್ಷನ್ ಪ್ರಕಾರ, ಎಫ್‌ಬಿಐ ಒಂದು ರಹಸ್ಯ ನ್ಯಾಯಾಲಯದಿಂದ ಆದೇಶ ತಂದು ಪುಸ್ತಕ, ದಾಖಲೆ, ಕಾಗದ ಹೀಗೆ 'ಯಾವುದೇ ವಸ್ತು' ಕೇಳಬಹುದಿತ್ತು. ಕೊಟ್ಟವರು ಅದನ್ನು ಬಾಯಿಬಿಡುವಂತಿರಲಿಲ್ಲ. ಎರಡನೆಯದು ರಾಷ್ಟ್ರೀಯ ಭದ್ರತಾ ಪತ್ರ. ಇದಕ್ಕೆ ನ್ಯಾಯಾಧೀಶರೇ ಬೇಡ, ಎಫ್‌ಬಿಐ ತಾನೇ ಬರೆದು ಕೊಡುತ್ತದೆ. ಇದರಲ್ಲೂ ಬಾಯಿಗೆ ಬೀಗ. ಒಂದಕ್ಕೆ ನ್ಯಾಯಾಲಯ ಬೇಕು, ಇನ್ನೊಂದಕ್ಕೆ ಬೇಡ. ಗೈಡ್‌ಗಳು ಕಲಸುವುದು ಇಲ್ಲೇ.

ಪ್ರಸಿದ್ಧವಾದ ಕನೆಕ್ಟಿಕಟ್ ಪ್ರಕರಣ 215ರದ್ದಲ್ಲ, ಈ ಎರಡನೆಯ ಪತ್ರದ್ದು. 2005ರಲ್ಲಿ 'ಲೈಬ್ರರಿ ಕನೆಕ್ಷನ್' ಎಂಬ ಗ್ರಂಥಾಲಯಗಳ ಒಕ್ಕೂಟಕ್ಕೆ ಪತ್ರ ಬಂತು. ಆ ವರ್ಷದ ಫೆಬ್ರುವರಿ 15ರಂದು 45 ನಿಮಿಷಗಳ ಅವಧಿಯಲ್ಲಿ ಒಂದು ಕಂಪ್ಯೂಟರ್ ವಿಳಾಸ ಬಳಸಿದವರ ವಿವರ ಕೊಡಿ ಎಂಬ ಬೇಡಿಕೆ. ಒಕ್ಕೂಟದ ನಾಲ್ವರು ಕೊಡುವುದಿಲ್ಲ ಎಂದು ಕೋರ್ಟಿಗೆ ಹೋದರು. ಹೆಸರು ಹೇಳುವಂತಿಲ್ಲದ ಕಾರಣ ಅರ್ಜಿಯಲ್ಲಿ ಅವರು 'ಜಾನ್ ಡೋ', ಅಂದರೆ ಅನಾಮಧೇಯರಿಗೆ ಅಲ್ಲಿನ ಕೋರ್ಟುಗಳು ಇಡುವ ಹೆಸರು. ತಮ್ಮದೇ ಕೇಸಿನ ವಿಚಾರಣೆಗೂ ಅವರನ್ನು ಒಳಗೆ ಬಿಡಲಿಲ್ಲ. ಬೇರೊಂದು ಊರಿನ ಕೋರ್ಟ್ ಕಟ್ಟಡದ ಕೋಣೆಯಲ್ಲಿ ಕೂತು ಟಿವಿ ಪರದೆಯಲ್ಲಿ ನೋಡಬೇಕಾಯಿತು. ಆ ಸೆಪ್ಟೆಂಬರ್‌ನಲ್ಲೇ ನ್ಯಾಯಾಧೀಶೆ ಜಾನೆಟ್ ಹಾಲ್ ಬಾಯಿ ಕಟ್ಟುವ ಆದೇಶ ಸಂವಿಧಾನಕ್ಕೆ ಒಪ್ಪುವುದಿಲ್ಲ ಎಂದರು. ಸರ್ಕಾರ ಮೇಲ್ಮನವಿ ಹಾಕಿತು. ಕೊನೆಗೆ ಬಾಯಿ ಬಿಚ್ಚಲು ಬಿಟ್ಟದ್ದು 2006ರಲ್ಲಿ. ಅಷ್ಟರಲ್ಲಿ ಪೇಟ್ರಿಯಟ್ ಕಾಯ್ದೆಯನ್ನು ಮುಂದುವರಿಸುವ ಮಸೂದೆ ಸಂಸತ್ತಿನಲ್ಲಿ ಪಾಸಾಗಿ, ಆ ಮಾರ್ಚ್‌ನಲ್ಲಿ ಸಹಿಯೂ ಆಗಿತ್ತು! ಇಂಥ ಪತ್ರ ನಮಗೇ ಬಂದಿದೆ ಎಂದು ಸಾಕ್ಷಿ ಹೇಳಬಲ್ಲವರು ಆ ಚರ್ಚೆಯುದ್ದಕ್ಕೂ ಸುಮ್ನೆ ಕೂರಬೇಕಾಯಿತು. ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ನೆನಪಿಡಬೇಕಾದ ಭಾಗ ಇದು. ದಾಖಲೆ ಕೇಳಿದ್ದಕ್ಕಿಂತ, ಕೇಳಿದ್ದನ್ನು ಹೇಳಬಾರದು ಅಂದದ್ದು ಜಾಸ್ತಿ ಅಪಾಯ.

215ರ ಕಡೆಯದನ್ನೂ ನೋಡಿ. 2003ರಲ್ಲಿ ಅಟಾರ್ನಿ ಜನರಲ್ ಜಾನ್ ಆಶ್‌ಕ್ರಾಫ್ಟ್, ಈ ಸೆಕ್ಷನ್ ಇದುವರೆಗೆ ಒಮ್ಮೆಯೂ ಬಳಕೆಯಾಗಿಲ್ಲ ಎಂದು ತಿಳಿಸಿದರು. ಗ್ರಂಥಪಾಲಕರು ಸುಮ್ನೆ ಗಾಬರಿಯಾಗಿದ್ದಾರೆ ಎಂಬ ಧಾಟಿಯಲ್ಲಿ ಮಾತಾಡಿದ್ದರು. ಹತ್ತು ವರ್ಷ ಬಿಟ್ಟು, 2013ರಲ್ಲಿ, ಅಲ್ಲಿನ ಗುಪ್ತಚರ ಸಂಸ್ಥೆಗೆ ಕೆಲಸ ಮಾಡುತ್ತಿದ್ದ ಎಡ್ವರ್ಡ್ ಸ್ನೋಡೆನ್ ಹೊರಹಾಕಿದ ಕಾಗದಗಳಿಂದ ಗೊತ್ತಾಯಿತು: ಅದೇ ಸೆಕ್ಷನ್ ತೋರಿಸಿ ಕೋಟ್ಯಂತರ ಜನರ ಫೋನ್ ಕರೆಗಳ ವಿವರ ಎತ್ತಿದ್ದರು. 2015ರ ಕಾಯ್ದೆ ಹೀಗೆ ಸಗಟಾಗಿ ಎತ್ತುವುದನ್ನು ನಿಲ್ಲಿಸಿತು. 215ರ ಅವಧಿ 2020ರ ಮಾರ್ಚ್ 15ಕ್ಕೆ ಮುಗಿಯಿತು.

ಇನ್ನೊಂದು ಮಗ್ಗಲೂ ಇದೆ. 2001ರ ಸೆಪ್ಟೆಂಬರ್ ದಾಳಿ ಮಾಡಿದವರಲ್ಲಿ ಕೆಲವರು ಫ್ಲಾರಿಡಾದ ಡೆಲ್ರೇ ಬೀಚ್ ಗ್ರಂಥಾಲಯದ ಕಂಪ್ಯೂಟರ್ ಬಳಸಿದ್ದರು. ಗುರುತು ಹಿಡಿದ ಸಿಬ್ಬಂದಿ ತಾವೇ ಪೊಲೀಸರಿಗೆ ತಿಳಿಸಿದರು. ಹಾಗಾಗಿ ಏನೂ ಕೊಡಲೇಬಾರದು ಎಂಬ ಉತ್ತರ ಬರೆಯಬೇಡಿ. ಯಾರು, ಯಾವ ಕಾಗದ ತೋರಿಸಿ, ಎಷ್ಟು ಕೇಳುತ್ತಾರೆ ಎಂಬುದೇ ಪ್ರಶ್ನೆ.

ನಮ್ಮಲ್ಲಿ ಏನಿದೆ

ಅಮೆರಿಕದ 48 ರಾಜ್ಯಗಳಲ್ಲಿ ಗ್ರಂಥಾಲಯ ದಾಖಲೆಗಳ ಗೌಪ್ಯತೆಗೇ ಕಾಯ್ದೆಗಳಿವೆ. ನಮ್ಮಲ್ಲಿ ಅಂಥದ್ದಿಲ್ಲ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಪ್ರಾಧಿಕಾರ, ಸೆಸ್, ಆಡಳಿತದ ಸುತ್ತ ಕಟ್ಟಿದ್ದು.

ಪೊಲೀಸರಿಗೆ ದಾರಿ ಕೊಡುವುದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಸೆಕ್ಷನ್. ಹಳೇ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 91 ಇದೇ, 2024ರ ಜುಲೈ 1ರಿಂದ ನಂಬರ್ ಬದಲಾಯಿತು. ತನಿಖೆಗೆ ಬೇಕಾದ ದಾಖಲೆಯನ್ನು ಠಾಣೆಯ ಉಸ್ತುವಾರಿ ಅಧಿಕಾರಿ ಲಿಖಿತ ಆದೇಶ ಕೊಟ್ಟು ತರಿಸಿಕೊಳ್ಳಬಹುದು. ನ್ಯಾಯಾಧೀಶರ ಸಹಿ ಬೇಕಿಲ್ಲ. ಈ ಸೆಕ್ಷನ್ನಿಗೆ ಕೆಲವು ವಿನಾಯಿತಿಗಳಿವೆ, ಅವನ್ನು ಓದಲೇಬೇಕು. ಬ್ಯಾಂಕಿನ ಪುಸ್ತಕಗಳಿಗೆ 1891ರ ಕಾಯ್ದೆಯ ರಕ್ಷಣೆ ಹಾಗೇ ಉಳಿಯುತ್ತದೆ. ಅಂಚೆಯವರ ಕೈಯಲ್ಲಿರುವ ಪತ್ರ, ಪೋಸ್ಟ್‌ಕಾರ್ಡ್‌ಗಳಿಗೆ ಇದು ಅನ್ವಯವಾಗುವುದೇ ಇಲ್ಲ, ಅವಕ್ಕೆ ಬೇರೆ ಮತ್ತು ಮೇಲಿನ ಮಟ್ಟದ ಆದೇಶ ಬೇಕು. ಗ್ರಂಥಾಲಯದ ಹೆಸರು ಆ ವಿನಾಯಿತಿಯಲ್ಲಿಲ್ಲ. ಅಂದರೆ ಯಾರು ಬೇಕಾದರೂ ಓದಬಹುದಾದ ಒಂದು ಪೋಸ್ಟ್‌ಕಾರ್ಡಿಗೆ ಇರುವಷ್ಟು ಕಾವಲು ನಮ್ಮ ಇಶ್ಯೂ ರಿಜಿಸ್ಟರಿಗೆ ಇಲ್ಲ.

ಹಾಗಂತ ಕೈ ಚೆಲ್ಲಬೇಕಿಲ್ಲ. ಎರಡು ತೀರ್ಪುಗಳನ್ನು ಬಾಯಿಪಾಠ ಮಾಡಿ. 2017ರ ಆಗಸ್ಟ್ 24ರ ಪುಟ್ಟಸ್ವಾಮಿ ತೀರ್ಪು ಎಲ್ಲರಿಗೂ ಗೊತ್ತು. ಅರ್ಜಿ ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಸರ್ಕಾರ ಒಳಗೆ ಇಣುಕಬೇಕಾದರೆ ಕಾನೂನು ಇರಬೇಕು, ಉದ್ದೇಶ ಸರಿಯಿರಬೇಕು, ಇಣುಕುವುದು ಅಗತ್ಯಕ್ಕೆ ತಕ್ಕಷ್ಟೇ ಇರಬೇಕು. ಗ್ರಂಥಾಲಯದವರಿಗೆ ಇದಕ್ಕಿಂತ ಹತ್ತಿರದ್ದು 2004ರ ಕೆನರಾ ಬ್ಯಾಂಕ್ ಪ್ರಕರಣ. ಕಾಗದ ಬ್ಯಾಂಕಿನ ವಶದಲ್ಲಿದ್ದರೂ ಗ್ರಾಹಕರ ಖಾಸಗಿತನ ಅಳಿಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಅಲ್ಲಿ ಹೇಳಿತು. ಅಮೆರಿಕದ ಸುಪ್ರೀಂ ಕೋರ್ಟ್ 1976ರಲ್ಲಿ ಇದಕ್ಕೆ ವಿರುದ್ಧವಾಗಿ ಹೇಳಿತ್ತು. ಬ್ಯಾಂಕ್ ಇರುವ ಜಾಗದಲ್ಲಿ ಗ್ರಂಥಾಲಯ ಅಂತ ಇಟ್ಟು ವಾದ ಬೆಳೆಸಿ, ಹತ್ತು ಅಂಕದ ಪ್ರಶ್ನೆಗೆ ಉತ್ತರ ಸಿದ್ಧ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಿಂದ ಈ ವಿಷಯದಲ್ಲಿ ಜಾಸ್ತಿ ನಿರೀಕ್ಷೆ ಬೇಡ. ದೇಶದ ಭದ್ರತೆಯಂಥ ಕಾರಣಕ್ಕೆ ಕೇಂದ್ರ ಸರ್ಕಾರ ತನಗೆ ಬೇಕಾದ ಸಂಸ್ಥೆಗಳನ್ನು ಅದರಿಂದ ಹೊರಗಿಡಬಹುದು.

ಯಾರು ಏನು ಓದಿದರೆ ಏನಾಗುತ್ತೆ ಬಿಡಿ ಅನ್ನುವವರಿಗೆ ನಮ್ಮ ರಾಜ್ಯದ್ದೇ ಉದಾಹರಣೆ. ಮಂಗಳೂರಿನಲ್ಲಿ ಪತ್ರಿಕೋದ್ಯಮ ಓದುತ್ತಿದ್ದ ವಿದ್ಯಾರ್ಥಿಯೊಬ್ಬರನ್ನು ನಕ್ಸಲ್ ನಂಟಿನ ಆರೋಪದಲ್ಲಿ 2012ರಲ್ಲಿ ಬಂಧಿಸಿದ್ದರು. ವಶಪಡಿಸಿಕೊಂಡದ್ದರಲ್ಲಿ ಭಗತ್ ಸಿಂಗ್ ಕುರಿತ ಪುಸ್ತಕವೂ ಇತ್ತು. ಅಂಥ ಪುಸ್ತಕ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧವಲ್ಲ ಎಂದು ಕೋರ್ಟ್ ಖುಲಾಸೆ ಮಾಡುವಾಗ 2021 ಬಂದಿತ್ತು. ನಮ್ಮ ಬೆಳಗಾವಿ, ವಿಜಯಪುರಗಳು ಮುಂಬೈ ಪ್ರಾಂತದಲ್ಲಿದ್ದ ಕಾಲದಲ್ಲಿ, 1910ರಲ್ಲಿ, ಗಾಂಧೀಜಿಯವರ 'ಹಿಂದ್ ಸ್ವರಾಜ್' ಅನ್ನೇ ಆ ಸರ್ಕಾರ ಮುಟ್ಟುಗೋಲು ಹಾಕಿತ್ತು. ಹದಿನಾಲ್ಕು ವರ್ಷ ಬಿಟ್ಟು ಅದೇ ಗಾಂಧೀಜಿ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರು. ಯಾವ ಪುಸ್ತಕ ಯಾವಾಗ ಅನುಮಾನಕ್ಕೆ ಬೀಳುತ್ತದೆ ಎಂದು ಒಯ್ಯುವ ದಿನ ಓದುಗರಿಗೆ ಹೇಗೆ ಗೊತ್ತಾಗಬೇಕು?

ಬ್ರೌನ್ ಪದ್ಧತಿಯನ್ನು ಇನ್ನೊಮ್ಮೆ ಓದಿ

ಸರ್ಕ್ಯುಲೇಶನ್ ಪಾಠದಲ್ಲಿ ಪುಸ್ತಕ ಎರವಲು ಕೊಡುವ ಎರಡು ಹಳೇ ಪದ್ಧತಿಗಳಾದ ಬ್ರೌನ್, ನ್ಯೂವಾರ್ಕ್ ಎರಡನ್ನೂ ವೇಗ, ಖರ್ಚು, ಅಂಕಿ-ಅಂಶದ ಲೆಕ್ಕದಲ್ಲಿ ಹೋಲಿಸುತ್ತೇವೆ. ಖಾಸಗಿತನದ ಲೆಕ್ಕದಲ್ಲಿ ಹೋಲಿಸಿ ನೋಡಿ, ಚಿತ್ರ ಬದಲಾಗುತ್ತದೆ.

ಬ್ರೌನ್‌ನಲ್ಲಿ ಓದುಗರ ಟಿಕೆಟ್ ಒಂದು ಸಣ್ಣ ಜೇಬು. ಪುಸ್ತಕದ ಕಾರ್ಡನ್ನು ಅದರೊಳಗೆ ಸೇರಿಸಿ ವಾಪಸಿನ ದಿನಾಂಕದ ಹಿಂದೆ ಟ್ರೇನಲ್ಲಿ ಇಡುತ್ತಾರೆ. ಪುಸ್ತಕ ಬಂತು, ಕಾರ್ಡ್ ಪುಸ್ತಕಕ್ಕೆ, ಟಿಕೆಟ್ ಓದುಗರ ಕೈಗೆ. ಮುಗೀತು. ಪುಸ್ತಕದ ಚೀಟಿಯಲ್ಲಿ ಉಳಿಯುವುದು ತಾರೀಖು ಮಾತ್ರ, ಹೆಸರಿಲ್ಲ. ನ್ಯೂವಾರ್ಕ್‌ನಲ್ಲಿ ಸದಸ್ಯರ ಸಂಖ್ಯೆಯನ್ನು ಪುಸ್ತಕದ ಕಾರ್ಡಿನ ಮೇಲೇ ಬರೆಯುತ್ತಾರೆ. ಪುಸ್ತಕ ವಾಪಸ್ ಬಂದು ವರ್ಷಗಳಾದರೂ ಯಾರು ಯಾರು ಒಯ್ದಿದ್ದರು ಎಂದು ಸಾಲಾಗಿ ಓದಬಹುದು. ಬ್ರೌನ್ ಪದ್ಧತಿಯಲ್ಲಿ ಹಳೆಯ ದಾಖಲೆ ಉಳಿಯುವುದಿಲ್ಲ ಎಂಬುದನ್ನು ನಮ್ಮ ಪುಸ್ತಕಗಳು ಕೊರತೆಯ ಪಟ್ಟಿಗೆ ಹಾಕುತ್ತವೆ. ನಾನು ಅದನ್ನು ಗುಣದ ಪಟ್ಟಿಗೆ ಹಾಕುತ್ತೇನೆ. ಇಲ್ಲದ ದಾಖಲೆಯನ್ನು 94ನೇ ಸೆಕ್ಷನ್ ಕೂಡ ತರಿಸಲಾರದು.

ಕಂಪ್ಯೂಟರ್ ಬಂದ ಮೇಲೆ ನಾವೆಲ್ಲ ಗೊತ್ತಿಲ್ಲದೇ ನ್ಯೂವಾರ್ಕ್‌ಗೆ ಮರಳಿದ್ದೇವೆ. ತಂತ್ರಾಂಶ ತಾನಾಗಿ ಮರೆಯುವುದಿಲ್ಲ, ಮರೆಯಲು ಹೇಳಬೇಕು. ಗ್ರಂಥಾಲಯ ತಂತ್ರಾಂಶ ಕೋಹಾದಲ್ಲಿ ಇದಕ್ಕೆ ವ್ಯವಸ್ಥೆ ಇದೆ. ಓದಿದ ಪಟ್ಟಿಯನ್ನು ಸದಾ ಇಡಬೇಕೋ, ಇಡಲೇಬಾರದೋ, ಗ್ರಂಥಾಲಯ ಹೇಳಿದಷ್ಟು ದಿನ ಇಡಬೇಕೋ ಎಂದು ಸದಸ್ಯರ ವರ್ಗಕ್ಕೆ ತಕ್ಕಂತೆ ಹೊಂದಿಸಬಹುದು. ವಾಪಸಾದ ಪುಸ್ತಕಗಳ ದಾಖಲೆಯಿಂದ ಹೆಸರು ಬಿಡಿಸಿ, ಅನಾಮಿಕ ಸದಸ್ಯರ ಖಾತೆಗೆ ಸೇರಿಸಬಹುದು. ವರ್ಷಕ್ಕೆ ಎಷ್ಟು ಪುಸ್ತಕ ಹೋದವು ಎಂಬ ಅಂಕಿ-ಅಂಶ ಹಾಗೇ ಉಳಿಯುತ್ತದೆ. ಹಳೇ ಬ್ಯಾಕಪ್‌ಗಳಲ್ಲಿ ಹೆಸರುಗಳು ಕೂತಿರುತ್ತವೆ, ಅದು ನೆನಪಿರಲಿ.

ಇಂಟರ್ನೆಟ್ ಮೂಲೆಯ ಲೆಕ್ಕ ಬೇರೆ. 2011ರ ಸೈಬರ್ ಕೆಫೆ ನಿಯಮಗಳು ಗುರುತಿನ ಚೀಟಿ ನೋಡಿ, ಲಾಗ್ ಅನ್ನು ಕನಿಷ್ಠ ಒಂದು ವರ್ಷ ಇಡಿ ಅನ್ನುತ್ತವೆ. ಆ ನಿಯಮ ಜನರಿಗೆ ವ್ಯಾಪಾರವಾಗಿ ಇಂಟರ್ನೆಟ್ ಕೊಡುವವರಿಗೆ. ಉಚಿತ ಗ್ರಂಥಾಲಯವೂ ಅದರೊಳಗೆ ಬರುತ್ತದೆಯೇ ಎಂಬುದು ಸೆಮಿನಾರಿನಲ್ಲಿ ಜಗಳಾಡಲು ಒಳ್ಳೇ ಪ್ರಶ್ನೆ.

ಕೌಂಟರಿನಲ್ಲಿ

ಕಾಗದ ಹಿಡಿದು ಬರುವವರಿಗಿಂತ ಸುಮ್ನೆ ಬಂದು ಕೇಳುವವರೇ ಕಷ್ಟ. "ಸರ, ಆ ಹುಡುಗ ಏನೇನ್ ಪುಸ್ತಕ ಒಯ್ದಾನ, ಸ್ವಲ್ಪ ನೋಡಿ ಹೇಳ್ರಿ" ಅಂದರೆ ಇಲ್ಲ ಅನ್ನಲು ನಾಲಿಗೆ ಏಳುವುದಿಲ್ಲ. "ಲಿಖಿತ ಆದೇಶ ಕೊಡ್ರಿ, ನಮ್ಮ ಸಾಹೇಬರಿಗೆ ತೋರಿಸಿ ಕೊಡ್ತೀನಿ" ಎಂಬ ಉತ್ತರವನ್ನು ಮೊದಲೇ ರೂಢಿ ಮಾಡಿಕೊಳ್ಳಿ. ಆದೇಶ ಬಂದರೆ ಕೇಳಿದಷ್ಟೇ ಕೊಡಿ, ಪೂರ್ತಿ ರಿಜಿಸ್ಟರ್ ಎತ್ತಿ ಕೊಡಬೇಡಿ. ಕೊಟ್ಟದ್ದರ ಪ್ರತಿ ಇಟ್ಟುಕೊಳ್ಳಿ. ಆದೇಶ ಕೈಗೆ ಬಂದ ಮೇಲೆ ಅಳಿಸಲು ಹೋಗಬೇಡಿ, ಅದು ಸಾಕ್ಷ್ಯನಾಶದ ಅಪರಾಧ. ಅಳಿಸುವುದಿದ್ದರೆ ಅದು ಮಾಮೂಲಿ ದಿನದ ಮಾಮೂಲಿ ನಿಯಮವಾಗಿರಬೇಕು, ಮೇಲಧಿಕಾರಿಯ ಒಪ್ಪಿಗೆಯೂ ಬೇಕು.

ಅರಿವು ಕೇಂದ್ರಗಳಲ್ಲಿ, ಅಂದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಲ್ಲಿ, ಕೆಲಸಕ್ಕೆ ಸೇರುವವರಿಗೆ ಒಂದು ಮಾತು. ಅಲ್ಲಿ ಪೊಲೀಸರಿಗಿಂತ ಊರೇ ದೊಡ್ಡ ಕಣ್ಣು. ರಿಜಿಸ್ಟರ್ ಮೇಜಿನ ಮೇಲೆ ತೆರೆದಿದ್ದರೆ, ವಿಚ್ಛೇದನದ ಕಾನೂನಿನ ಪುಸ್ತಕ ಒಯ್ದ ಹೆಣ್ಣುಮಗಳ ಹೆಸರನ್ನು ಮುಂದೆ ಸಹಿ ಮಾಡುವ ಪ್ರತಿಯೊಬ್ಬರೂ ಓದುತ್ತಾರೆ. ಪ್ರತಿ ಓದುಗರಿಗೂ ಬೇರೆ ಕಾರ್ಡ್ ಮಾಡಿ, ಡಬ್ಬಿಯಲ್ಲಿ ಇಟ್ಟರೆ ಸಾಕು. ಇದಕ್ಕೆ ತಂತ್ರಾಂಶವೂ ಬೇಡ, ಅನುದಾನವೂ ಬೇಡ.