ಹಾಟ್‌ಪ್ಲಗ್ ಅಂದರೆ ‘ಬಿಸಿ ಜೋಡಣೆ’ ಅಲ್ಲ

‘ಬಿಸಿ ಜೋಡಣೆ’ ಎಂಬ ಅನುವಾದ ಮತ್ತೆ ಕಣ್ಣಿಗೆ ಬಿತ್ತು. ಇಲ್ಲಿನ ‘ಹಾಟ್’ ಶಾಖದ್ದಲ್ಲ, ಕರೆಂಟಿನದು. ಕರೆಂಟ್ ಹರಿಯುವ ತಂತಿಯನ್ನು ಇಂಗ್ಲಿಷಿನವರು ಹಾಟ್ ಅನ್ನುತ್ತಾರೆ. ಅದನ್ನು ನಾವು ಬಿಸಿ ತಂತಿ ಅನ್ನುತ್ತೇವೆಯೇ? ಯಂತ್ರ ಆಫ್ ಮಾಡದೆ ಸಾಧನ ಸೇರಿಸುವುದು, ಕಳಚುವುದು ಹಾಟ್‌ಪ್ಲಗ್. ಅನುವಾದ ಬೇಕೇಬೇಕೆಂದರೆ ‘ಚಾಲೂ ಜೋಡಣೆ’ ಅನ್ನಿ, ಇಲ್ಲವೇ ಪದವನ್ನು ಹಾಗೇ ಬಿಡಿ.

ಅನುವಾದದ ತಪ್ಪಿನಿಂದ ಡಿಸ್ಕೇನೂ ಕೆಡುವುದಿಲ್ಲ. ಕಾಟ ಕೊಡುವುದು ಕ್ಯೂಎಮು (ಒಂದು ಯಂತ್ರದೊಳಗೆ ಇನ್ನೊಂದನ್ನು ನಟಿಸಿ ಓಡಿಸುವ ತಂತ್ರಾಂಶ) ಬಳಸುವವರ ಇನ್ನೊಂದು ತಪ್ಪು ನಂಬಿಕೆ: ‘ಸಾಧನ ಕಳಚುವ ಡಿವೈಸ್_ಡೆಲ್ ಕಮಾಂಡ್ ಕೊಟ್ಟೆ, ಎರರ್ ಬರಲಿಲ್ಲ, ಅಂದರೆ ಡಿಸ್ಕ್ ಹೋಯಿತು.’ ಹೋಗಿಲ್ಲ. ಪಿಸಿಐ (ಡಿಸ್ಕ್, ನೆಟ್‌ವರ್ಕ್ ಕಾರ್ಡ್‌ಗಳಂಥವನ್ನು ಯಂತ್ರಕ್ಕೆ ಸೇರಿಸುವ ಬಸ್) ಸಾಧನಗಳ ಮಟ್ಟಿಗೆ ಆ ಕಮಾಂಡ್ ಗೆಸ್ಟಿಗೆ, ಅಂದರೆ ಒಳಗೆ ಓಡುವ ಓಎಸ್‌ಗೆ, ಬರೀ ಕೋರಿಕೆ. ಕ್ಯೂಎಮು ಕೋಡಿನಲ್ಲೇ ‘ಅನ್‌ಪ್ಲಗ್_ರಿಕ್ವೆಸ್ಟ್’ ಬೇರೆ, ‘ಅನ್‌ಪ್ಲಗ್’ ಬೇರೆ. ಪಿಸಿಐನ ಹೊಸ ರೂಪವಾದ ಪಿಸಿಐ ಎಕ್ಸ್‌ಪ್ರೆಸ್‌ನ ಸ್ವಂತ ಹಾಟ್‌ಪ್ಲಗ್‌ನಲ್ಲಿ ಕ್ಯೂಎಮು ಅಟೆನ್ಷನ್ ಬಟನ್ (ಕಾರ್ಡ್ ತೆಗೆಯುತ್ತೇನೆಂದು ತಿಳಿಸಲು ಸ್ಲಾಟಿನ ಬಳಿ ಇರುವ ಗುಂಡಿ) ಒತ್ತಿದಂತೆ ನಟಿಸುತ್ತದೆ. ಮನಸ್ಸು ಬದಲಾದರೆ ಇರಲಿ ಎಂದು ಗೆಸ್ಟ್ 5 ಸೆಕೆಂಡ್ ಕಾಯುತ್ತದೆ, ಆಮೇಲೆ ಡ್ರೈವರ್ ಬಿಡಿಸಿ ಸ್ಲಾಟಿನ ಪವರ್ ತೆಗೆಯುತ್ತದೆ. ಅಲ್ಲಿಗೆ ಸಾಧನ ಹೋಯಿತು. ಕ್ಯೂಎಂಪಿ ಸಾಕೆಟ್‌ಗೆ (ಸ್ಕ್ರಿಪ್ಟುಗಳು ಕ್ಯೂಎಮು ಜೊತೆ ಮಾತಾಡುವ ದಾರಿ) ‘ಡಿವೈಸ್_ಡಿಲೀಟೆಡ್’ ಈವೆಂಟ್ ಬರುವುದು ಆಗಲೇ. ಅದಕ್ಕೂ ಮೊದಲೇ, ಡಿಸ್ಕಿನ ಹಿಂದಿರುವ ಸ್ಟೋರೇಜನ್ನು ಬಿಡಿಸುವ ಬ್ಲಾಕ್‌ಡೆವ್-ಡೆಲ್ ಓಡಿಸಿದರೆ ‘ಬಳಕೆಯಲ್ಲಿದೆ’ ಎಂಬ ಎರರ್. ಅದೇ ಐಡಿಯಲ್ಲಿ ಹೊಸದನ್ನು ಸೇರಿಸಹೋದರೆ ‘ಡೂಪ್ಲಿಕೇಟ್ ಐಡಿ’. ಸ್ಕ್ರಿಪ್ಟಿಗೆ ‘ಸ್ಲೀಪ್ 10’ ತುರುಕುವುದು ಪರಿಹಾರವಲ್ಲ, ಈವೆಂಟಿಗೆ ಕಾಯಬೇಕು.

ಈವೆಂಟ್ ಬರಲೇ ಇಲ್ಲವೇ? ಗೆಸ್ಟ್ ಇನ್ನೂ ಬೂಟ್‌ಲೋಡರಿನಲ್ಲಿ ಕೂತಿದ್ದರೆ ಕೋರಿಕೆ ಕೇಳಿಸಿಕೊಳ್ಳುವವರೇ ಇಲ್ಲ. ಕ್ಯೂಎಮು 6.2ರಿಂದ ‘ಡಿವೈಸ್_ಅನ್‌ಪ್ಲಗ್_ಗೆಸ್ಟ್_ಎರರ್’ ಎಂಬ ಈವೆಂಟ್ ಇದೆ ನಿಜ, ಆದರೆ ಕೆಲವು ಬಗೆಯ ಸಾಧನಗಳಿಗಷ್ಟೇ, ಅದೂ ಗೆಸ್ಟ್ ಬಾಯಿಬಿಟ್ಟು ಆಗದು ಎಂದರೆ. ಮೌನವನ್ನು ಒಪ್ಪಿಗೆ ಎಂದು ಓದಬೇಡಿ, ನಿರಾಕರಣೆ ಎಂದೂ ಬೇಡ. ನಡುವೆ ಸಾಕೆಟ್ ಕಡಿದಿದ್ದರೆ, ಮತ್ತೆ ಸೇರಿ ‘/ಮಷೀನ್/ಪೆರಿಫೆರಲ್’ ಮೇಲೆ ಕ್ಯೂಒಎಂ-ಲಿಸ್ಟ್ (ಕ್ಯೂಎಮು ಒಳಗೆ ಏನೇನಿದೆ ಎಂದು ಪಟ್ಟಿ ಕೊಡುವ ಕಮಾಂಡ್) ಓಡಿಸಿ. ನಿಮ್ಮ ಐಡಿ ಪಟ್ಟಿಯಲ್ಲಿ ಇನ್ನೂ ಇದ್ದರೆ ಸಾಧನವೂ ಇದೆ. ಐಡಿ ಕೊಡದೆ ಸೇರಿಸಿದ್ದು ಅಲ್ಲಿ ಸಿಗುವುದಿಲ್ಲ, ಆದ್ದರಿಂದ ಡಿವೈಸ್_ಆಡ್ ಕೊಡುವಾಗಲೇ ಐಡಿ ಕೊಡಿ. ಗೆಸ್ಟ್ ಒಳಗೆ ಯುಡೆವ್ (ಲಿನಕ್ಸಿನಲ್ಲಿ ಸಾಧನಗಳು ಬಂದುಹೋಗುವುದನ್ನು ನೋಡಿಕೊಳ್ಳುವ ಪ್ರೋಗ್ರಾಂ) ‘ರಿಮೂವ್’ ತೋರಿಸಿತು ಅಂದರೆ ಗೆಸ್ಟ್ ಕೈಬಿಟ್ಟಿತು ಅಂತಷ್ಟೇ. ಹೋಸ್ಟ್, ಅಂದರೆ ಕ್ಯೂಎಮು ಓಡುವ ಯಂತ್ರದ, ಕಡೆಯ ಲೆಕ್ಕ ಬೇರೆ. ಯುಎಸ್‌ಬಿಗೆ ಈ ಪಾಡಿಲ್ಲ, ಗೆಸ್ಟಿನ ಅಪ್ಪಣೆ ಕೇಳದೆ ಕಿತ್ತ ಹಾಗೆ ತಕ್ಷಣ ಹೋಗುತ್ತದೆ.

ಸೇರಿಸುವಾಗಿನ ತಾಪತ್ರಯ ಒಂದೇ: ಕ್ಯೂಎಮು ನಟಿಸುವ ಕ್ಯೂ35 ಮಾದರಿಯ ಮಷೀನಿನ ‘ಪಿಸಿಐಇ.0’ ಎಂಬ ಮೂಲ ಬಸ್ಸಿಗೆ ಹಾಟ್‌ಪ್ಲಗ್ ಇಲ್ಲ. ವಿಎಂ (ಆ ನಟಿಸಿದ ಯಂತ್ರ) ಶುರುಮಾಡುವಾಗಲೇ ಖಾಲಿ ರೂಟ್ ಪೋರ್ಟ್‌ಗಳನ್ನು (ಆ ಬಸ್ಸಿಗೆ ಅಂಟಿದ, ಹಾಟ್‌ಪ್ಲಗ್ ಆಗುವ ಸ್ಲಾಟುಗಳು) ಇಟ್ಟಿರಬೇಕು, ಸಾಧನಕ್ಕೊಂದರಂತೆ.